ಅಂಗಳಕ್ಕೆ ಬಂದು ಮೇಲೆ ನೋಡುತ್ತಿದ್ದವರು

ಯಾರ ಮನೆಯ ಅಂಗಳಕ್ಕೆ ಕಾಲಿಟ್ಟರೂ ಅವರು ಮೊದಲು ಕತ್ತೆತ್ತಿ ಮೇಲೆ ನೋಡುತ್ತಿದ್ದರು. ಆಮೇಲೆ ಗೋಡೆ, ಆಮೇಲೆ ನೆಲ. ಮನೆಯವರನ್ನು ನೋಡಿ ನಮಸ್ಕಾರ ಹೇಳುವುದು ಎಲ್ಲಕ್ಕಿಂತ ಕೊನೆಗೆ. ಸೊಕ್ಕಿನ ಮನುಷ್ಯ ಎಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ.

ಅವರು ಕರೆಂಟಿನ ಲೈನ್‌ಮನ್. ಮಾನ್ವಿಯಲ್ಲಿ, ದೇವದುರ್ಗದಲ್ಲಿ, ಕೊನೆಗೆ ರಾಯಚೂರಿನಲ್ಲಿ ಕೆಲಸ ಮಾಡಿದರು. ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದ ಕಾಲದಲ್ಲಿ, ಬರೆಯಬೇಕಾದ ಕಾಗದದಲ್ಲಿ ನಾನು ಅವರ ಪರವಾಗಿ ಒಂದು ಸಾಲನ್ನೂ ಬರೆಯಲಿಲ್ಲ.

ಮೊದಲ ಸಲ ಅವರನ್ನು ಕಂಡದ್ದು ಮಾನ್ವಿಯಲ್ಲಿ. ಅಲ್ಲಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ಊರಿನ ಹೊರಗಿನ ಹೊಸ ಬಡಾವಣೆಯಲ್ಲಿ ಸಣ್ಣದೊಂದು ಮನೆ ಕಟ್ಟಿಸಿದ್ದೆವು. ಮನೆಗೂ ಕಾಂಪೌಂಡಿಗೂ ನಡುವೆ ಇದ್ದದ್ದು ನಾಲ್ಕು ಹೆಜ್ಜೆಯ ಜಾಗ. ಅಷ್ಟರಲ್ಲಿ ಹಸಿರು ಬೇಕೆಂಬ ಆಸೆ ನನಗೆ. ನರ್ಸರಿಯವನು ಉದ್ದನೆಯ ಅಶೋಕ ಕೊಟ್ಟ. ಅಡ್ಡ ಹರಡುವುದಿಲ್ಲ, ನೆಟ್ಟಗೆ ಕಂಬದ ಹಾಗೆ ಏರುತ್ತದೆ, ಇಕ್ಕಟ್ಟಿನ ಜಾಗಕ್ಕೆ ಇದಕ್ಕಿಂತ ಬೇರೆ ಇಲ್ಲ ಎಂದ. ಕಾಂಪೌಂಡಿನ ಗುಂಟ ಐದು ಸಸಿ ನೆಟ್ಟು ನೀರು ಹಾಕುತ್ತಿದ್ದಾಗ ಮೀಟರು ಕೂಡಿಸಲು ಅವರು ಬಂದರು. ಬಂದವರೇ ಮೇಲೆ ನೋಡಿದರು. ನಮ್ಮ ಕಾಂಪೌಂಡಿನ ನೆತ್ತಿಯ ಮೇಲೆ ದೊಡ್ಡ ಲೈನಿನ ಮೂರು ತಂತಿ ಹಾದುಹೋಗಿದ್ದವು.

"ಇವು ಬ್ಯಾಡ್ರಿ ಟೀಚರ್," ಎಂದರು.

"ಯಾಕ್ರಿ?"

"ಅಶೋಕಕ್ಕ ಮ್ಯಾಲ ಹೋಗೋದೊಂದೇ ಗೊತ್ತು. ಅಲ್ಲಿ ತಂತಿ ಅದ. ಜಾಗಾ ಸಣ್ಣದದ ಅಂತ ನೀವು ಅಗಲ ಅಷ್ಟೇ ನೋಡೀರಿ, ಎತ್ತರ ನೋಡಿಲ್ಲ. ಇಲ್ಲಿ ಪಾರಿಜಾತ ಹಚ್ರಿ, ಸೀತಾಫಲ ಹಚ್ರಿ. ಕೈಗೆ ಎಟಕೋ ಗಿಡ ಹಚ್ರಿ."

ನಾನು ವಿಜ್ಞಾನದ ಟೀಚರ್. ಗಿಡದ ವಿಷಯ ಲೈನ್‌ಮನ್ ನನಗೆ ಹೇಳಬೇಕೇ ಅನ್ನಿಸಿತು. "ನೀವು ಮೀಟರ್ ಕೂಡ್ಸ್ರಿ, ಗಿಡ ನಾವು ನೋಡ್ಕೊಂತೀವಿ," ಎಂದೆ. ಅವರು ಮೀಟರು ಕೂಡಿಸಿ, ನನ್ನ ಸಹಿ ಹಾಕಿಸಿಕೊಂಡು, ಹೋಗುವಾಗ ಇನ್ನೊಮ್ಮೆ ಮೇಲೆ ನೋಡಿ ಹೋದರು.

ಬಡಾವಣೆಯಲ್ಲಿ ಅವರನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ವರ್ಷಕ್ಕೊಮ್ಮೆ, ಮುಂಗಾರಿನ ಗಾಳಿ ಏಳುವ ಮೊದಲು, ತಂತಿಗೆ ತಾಗುವ ಟೊಂಗೆಗಳನ್ನೆಲ್ಲ ಕಡಿಯುವುದು ಅವರ ಕೆಲಸ. ನಮ್ಮ ಕಡೆ ಬೇಸಿಗೆಯಲ್ಲಿ ಒಂದು ಟೊಂಗೆ ನೆರಳಿಗೆ ಎಷ್ಟು ಬೆಲೆ ಎಂದು ಇಲ್ಲಿನವರಿಗೇ ಗೊತ್ತು. ಏಣಿ ಕಂಡರೆ ಸಾಕು, ಹೆಂಗಸರು ಹೊರಗೆ ಬಂದು ಬಯ್ಯುತ್ತಿದ್ದರು. "ನಿನ್ನ ಕೈ ಸೇದಿಹೋಗ್ಲಿ," ಎಂದು ಒಬ್ಬ ಮುದುಕಿ ಮಣ್ಣು ತೂರಿದ್ದನ್ನು ನಾನೇ ನೋಡಿದ್ದೇನೆ. ಅವರು ಅಂಗಿಯ ಮೇಲಿನ ಮಣ್ಣು ಕೊಡವಿಕೊಂಡು, "ಯವ್ವಾ, ಸ್ವಲ್ಪ ಸೆಗಣಿ ಕೊಡು," ಎಂದರು. ಕಡಿದ ಜಾಗಕ್ಕೆಲ್ಲ ಸೆಗಣಿ, ಕೆಮ್ಮಣ್ಣು ಕಲಸಿ ಮೆತ್ತದೆ ಅವರು ಯಾವ ಗಿಡದಿಂದಲೂ ಇಳಿಯುತ್ತಿರಲಿಲ್ಲ. ಹಾಗೇ ಬಿಟ್ಟರೆ ನೀರು ಇಳಿದು ಒಳಗೆ ಕೊಳೆಯುತ್ತದೆ, ನಾಲ್ಕು ವರ್ಷಕ್ಕೆ ಗಾಳಿಗೆ ಮುರಿದು ಯಾರ ತಲೆಯ ಮೇಲಾದರೂ ಬೀಳುತ್ತದೆ ಎನ್ನುತ್ತಿದ್ದರು. ಇಲಾಖೆಯಲ್ಲಿ ಇದನ್ನು ಮಾಡು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಗಿಡ ಕಡಿಯುತ್ತ ಕಡಿಯುತ್ತಲೇ ಅವರಿಗೆ ಗಿಡದ ವಿದ್ಯೆ ಬಂದಿತ್ತು. ಯಾವುದರ ಕಟ್ಟಿಗೆ ಗಟ್ಟಿ, ಯಾವುದು ಕೈಯಲ್ಲಿ ಹಿಡಿದರೆ ಲಟಕ್ಕನೆ ಮುರಿಯುತ್ತದೆ, ಯಾವುದರ ಬೇರು ಗೋಡೆ ಎತ್ತುತ್ತದೆ, ಯಾವುದು ಎರಡು ಬೇಸಿಗೆ ನೀರಿಲ್ಲದೆ ನಿಂತಿತು ಎಂಬುದೆಲ್ಲ ಓಣಿ ಓಣಿಯ ಲೆಕ್ಕದಲ್ಲಿ ಅವರ ತಲೆಯೊಳಗಿತ್ತು. "ಗುಲ್‌ಮೊಹರ್ ಚಂದ ಕಾಣ್ತದ, ಆದ್ರ ಅದರ ಕೆಳಗ ಮಂಚ ಹಾಕಬ್ಯಾಡ್ರಿ," ಎಂದು ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿದ್ದಿತ್ತು. ಕೇಳಿದವರು ಕಡಿಮೆ. ಕಡಿಯುವವನ ಬಾಯಿಂದ ಬಂದ ಮಾತನ್ನು ಯಾರು ಕೇಳುತ್ತಾರೆ?

ನನ್ನ ಅಶೋಕಗಳು ಬೆಳೆದವು. ನಾಲ್ಕನೆಯ ವರ್ಷಕ್ಕೆ ತಂತಿ ಮುಟ್ಟಿದವು. ಆ ವರ್ಷದಿಂದ ಪ್ರತಿ ಬೇಸಿಗೆಯೂ ಅವರ ಏಣಿ ನಮ್ಮ ಕಾಂಪೌಂಡಿಗೆ ಬರತೊಡಗಿತು. ಜೊತೆಗೆ ಒಬ್ಬ ಗುತ್ತಿಗೆ ಆಳು ಬರುತ್ತಿದ್ದ. ಕವಿತಾಳದವನು, ಮೂವತ್ತರ ಆಜೂಬಾಜು ವಯಸ್ಸು, ಹೆಂಡತಿ ಮತ್ತು ಒಂದು ಹೆಣ್ಣು ಕೂಸು ಇದ್ದ ಸಂಸಾರಸ್ಥ. ಲೈನ್‌ಮನ್ ಎಷ್ಟು ಬಿಗಿಯೋ ಇವನು ಅಷ್ಟು ಸಡಿಲ. ಬಂದ ಕೂಡಲೇ ನೀರು ಕೇಳುತ್ತಿದ್ದ, ಚೊಂಬು ಎತ್ತಿ ಕುಡಿದು, "ಟೀಚರ್, ನಿಮ್ಮ ಗಿಡ ಸಾಲಿ ಹುಡುಗರಂಗ, ಎಷ್ಟು ಕಟಿಂಗ್ ಮಾಡಿದ್ರೂ ಮತ್ತ ಬೆಳಸ್ಕೊಂಡು ಬರ್ತಾವ," ಎಂದು ನಗುತ್ತಿದ್ದ. ಲೈನ್‌ಮನ್ನರನ್ನು ಕಾಕಾ ಎಂದು ಕರೆಯುತ್ತಿದ್ದ.

ಆ ದಿನದ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಲೈನು ಬಂದ್ ಮಾಡಿಸಿಕೊಂಡು ಅವರು ಬಂದಿದ್ದರು. ಶಾಲೆಗೆ ರಜೆ, ನಾನು ಮನೆಯಲ್ಲಿದ್ದೆ. ಹಿಂದಿನ ವರ್ಷ ಅವಸರದಲ್ಲಿ ಕಡಿದು ಒಂದು ಗಿಡ ಗಿಡ್ಡ, ಒಂದು ಉದ್ದವಾಗಿ ಸಾಲು ಕೆಟ್ಟಿತ್ತು. ಅದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಈ ಸಲ ಕೆಳಗೆ ನಿಂತು ಹೇಳಿ ಹೇಳಿ ಕಡಿಸಿದೆ. "ಅದರ ತುದಿ ಇನ್ನ ಸ್ವಲ್ಪ. ಇದು ಸಾಕು. ಅದು ಇದರ ಸಮ ಬರ್ಲಿ." ನಾಲ್ಕು ಗಿಡ ಮುಗಿಯುವುದರೊಳಗೆ ಹನ್ನೊಂದಾಗುತ್ತ ಬಂತು.

"ಇಳೀಲೇ ತಮ್ಮಾ, ಟೈಮ್ ಆತು," ಎಂದು ಲೈನ್‌ಮನ್ ಅವನನ್ನು ಇಳಿಸಿದರು. ಇನ್ನರ್ಧ ಗಂಟೆ ಕೇಳಿಕೊಳ್ಳುತ್ತೇನೆಂದು ಕರೆಂಟಿನ ಸ್ಟೇಷನ್ನಿಗೆ ಫೋನು ಹಚ್ಚಿದರು. ನಮ್ಮ ಬಡಾವಣೆಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. "ನಾ ಬರೋತನ ಹತ್ತಬ್ಯಾಡ," ಎಂದು ಬೆರಳು ತೋರಿಸಿ ಹೇಳಿ, ಫೋನು ಎತ್ತಿ ಹಿಡಿದುಕೊಂಡು ಓಣಿಯ ಮೂಲೆಯ ಕಡೆ ನಡೆದರು.

ಐದನೆಯ ಗಿಡ ಒಂದೇ ಉಳಿದಿತ್ತು. ಅದರ ತುದಿಯಲ್ಲಿ ಒಂದೇ ಒಂದು ಟೊಂಗೆ ಮೇಲೆದ್ದು ನಿಂತಿತ್ತು.

"ಅದೊಂದು ತಗದುಬಿಡಪಾ, ಎರಡ ನಿಮಿಷದ ಕೆಲಸ," ಎಂದೆ.

"ಕಾಕಾ ಬೈತಾನ್ರಿ ಟೀಚರ್."

"ನಾ ಹೇಳ್ತೀನಿ. ಹತ್ತು."

ಅವನು ನಕ್ಕು ಹತ್ತಿದ.

ಅವನು ಟೊಂಗೆಗೆ ಕೈ ಹಾಕಿದ್ದ. ಒಂದು ಸದ್ದು ಬಂತು, ಒಣ ಬಟ್ಟೆ ಹರಿದ ಹಾಗೆ. ಅವನು ಕೂಗಲೂ ಇಲ್ಲ. ಗಿಡಕ್ಕೆ ತೆಕ್ಕೆ ಬಿದ್ದವನ ಹಾಗೆ ಅಲ್ಲೇ ಉಳಿದ. ಲೈನ್‌ಮನ್ ಓಡಿ ಬಂದರು, ಫೋನಿನಲ್ಲಿ "ಬಂದ್ ಮಾಡ್ರಿ, ಬಂದ್ ಮಾಡ್ರಿ" ಎಂದು ಚೀರುತ್ತಿದ್ದರು. ಮತ್ತೆ ಲೈನು ಬಂದ್ ಆಗಿ ಅವನನ್ನು ಇಳಿಸಿದಾಗ ಜೀವ ಹೋಗಿತ್ತು, ಅವನ ಅಂಗೈ ನೋಡಲು ಆಗುವಂತಿರಲಿಲ್ಲ. ಲೈನ್‌ಮನ್ ತಮ್ಮ ಟವೆಲು ತೆಗೆದು ಆ ಕೈಗಳಿಗೆ ಸುತ್ತಿದರು. ಆಗ ನನ್ನ ಕಡೆ ಒಮ್ಮೆ ನೋಡಿದರು.

ಮುಂದಿನ ವಾರ ವಿಚಾರಣೆಗೆಂದು ಒಬ್ಬ ಅಧಿಕಾರಿ ಮನೆಗೆ ಬಂದರು. ನಮ್ಮ ಪಡಸಾಲೆಯಲ್ಲಿ ಕುಳಿತು, ಚಹಾ ಕುಡಿಯುತ್ತ, "ಆಳು ಮತ್ತೆ ಗಿಡ ಹತ್ತಿದ್ದು ಹೇಗೆ, ನೀವೇನಾದರೂ ನೋಡಿದಿರಾ?" ಎಂದು ಕೇಳಿದರು. ಪಕ್ಕದಲ್ಲಿ ನನ್ನ ಯಜಮಾನರು ಕುಳಿತಿದ್ದರು. ಅವರಿಗೂ ನಾನು ಹೇಳಿರಲಿಲ್ಲ. "ನಾನು ಒಳಗೆ ಅಡುಗೆ ಮನೆಯಲ್ಲಿದ್ದೆ," ಎಂದೆ. ಅಧಿಕಾರಿ ಹಾಗೆಯೇ ಬರೆದುಕೊಂಡರು. ನಾನು ಸಹಿ ಮಾಡಿದೆ.

ಲೈನ್‌ಮನ್ ತಮ್ಮ ಹೇಳಿಕೆಯಲ್ಲಿ, ಹತ್ತಲು ಹೇಳಿದವನು ತಾನೇ ಎಂದು ಬರೆದುಕೊಟ್ಟರಂತೆ. ಇದು ನನಗೆ ತಿಳಿದದ್ದು ಆರು ತಿಂಗಳ ಮೇಲೆ, ನಮ್ಮ ಶಾಲೆಯ ಗುಮಾಸ್ತರ ಬಾಯಿಂದ. ಅಷ್ಟರಲ್ಲಿ ಅವರು ಅಮಾನತ್ತಿನಲ್ಲಿದ್ದು, ಬಡ್ತಿ ಕಳೆದುಕೊಂಡು, ದೇವದುರ್ಗಕ್ಕೆ ವರ್ಗವಾಗಿ ಹೋಗಿದ್ದರು. ಸ್ಟೇಷನ್ನಿನಲ್ಲಿ ಕೇಳದೆ ಲೈನು ಬಿಟ್ಟವನಿಗೂ ಶಿಕ್ಷೆಯಾಯಿತು ಎಂದರು. ಐದೂ ಗಿಡಗಳನ್ನು ನಾನು ಬುಡಸಮೇತ ತೆಗೆಸಿದೆ. ಯಜಮಾನರು ತೀರಿಕೊಂಡ ಮೇಲೆ ಮಾನ್ವಿಯ ಮನೆಯನ್ನೂ ಮಾರಿ ರಾಯಚೂರಿಗೆ ವರ್ಗ ಮಾಡಿಸಿಕೊಂಡೆ.

ರಾಯಚೂರಿನಲ್ಲಿ ಕಟ್ಟಿಸಿದ ಮನೆಯ ಸುತ್ತ ಒಂದು ಗೇಣು ಮಣ್ಣು ಬಿಡದೆ ಸಿಮೆಂಟು ಹಾಕಿಸಿದೆ. ಗಿಡ ನೆಡುವ ಯೋಗ್ಯತೆ ನನಗಿಲ್ಲ ಎಂದುಕೊಂಡಿದ್ದೆ. ಅದನ್ನು ಪ್ರಾಯಶ್ಚಿತ್ತ ಎಂದೂ ತಿಳಿದುಕೊಂಡಿದ್ದೆ. ಬೇಸಿಗೆಯಲ್ಲಿ ಆ ಸಿಮೆಂಟು ಹಂಚಿನ ಹಾಗೆ ಕಾಯುತ್ತಿತ್ತು. ಸಂಜೆ ನೀರು ಸುರಿದರೆ ಚುಂಯ್ ಎನ್ನುತ್ತಿತ್ತು. ಪಡುವಣದ ಕೋಣೆಯಲ್ಲಿ ಕೂರಲು ಆಗುತ್ತಿರಲಿಲ್ಲ.

ಆ ಮನೆಗೆ ಅವರು ಬಂದರು. ನನ್ನ ಮನೆ ಎಂದು ಗೊತ್ತಿದ್ದು ಬಂದದ್ದಲ್ಲ. ಮೀಟರಿನ ದೂರು ಕೊಟ್ಟಿದ್ದೆ, ನಿವೃತ್ತಿಗೆ ಎರಡು ವರ್ಷ ಇರುವಾಗ ಅವರನ್ನು ರಾಯಚೂರಿಗೆ ಹಾಕಿದ್ದರು. ಗೇಟು ತೆಗೆದು ಒಳಗೆ ಬಂದು ಎಂದಿನಂತೆ ಮೇಲೆ ನೋಡಿದರು, ಗೋಡೆ ನೋಡಿದರು, ನೆಲ ನೋಡಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹತ್ತಿತು. "ಆರಾಮ ಅದೀರೇನ್ರಿ ಟೀಚರ್?" ಎಂದರು. ನಾನು ಮೀಟರಿನ ಕಡೆ ಕೈ ತೋರಿಸಿದೆ.

ಮೀಟರು ಸರಿಮಾಡಿ, ಸಿಮೆಂಟಿನ ಮೇಲೆ ಬೂಟಿನ ಹಿಮ್ಮಡಿ ಕುಟ್ಟಿ ಕೇಳಿದರು. "ಇದೇನ್ರಿ, ಒಂದು ಗಿಡ ಸೈತ ಇಲ್ಲ?"

"ನನಗ ಬ್ಯಾಡಾಗ್ಯಾವ," ಎಂದೆ.

"ಗಿಡ ಏನು ಮಾಡಿತ್ರಿ?"

ಆಗ ನಾನು ಹೇಳಲು ಹೊರಟೆ. "ಅವತ್ತು ನೀವು ಫೋನ್ ಮಾಡಾಕ ಹೋದಾಗ..." ಎನ್ನುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು.

"ಗೊತ್ತದರಿ. ಮೂಲಿಯಿಂದ ಕಾಣ್ತಿತ್ತು. ನೀವು ಮ್ಯಾಲ ಕೈ ಮಾಡಿದ್ದು ಕಂಡೀನಿ. ನಾ ಒದರೋದ್ರೊಳಗ ಅವ ಹತ್ತಿದ್ದ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. "ಮತ್ತ್ಯಾಕ ಹೇಳಲಿಲ್ಲ? ನಿಮ್ಮ ನೌಕರಿ ಹಾಳಾತು."

"ಆಳು ನನ್ನವ. ಬಿಟ್ಟು ಹೋದವ ನಾ. ನಿಮ್ಮ ಹೆಸರು ಬರದ್ರ ಅವ ತಿರಿಗಿ ಬರ್ತಿದ್ದನೇನ್ರಿ?"

ಅವರ ದನಿಯಲ್ಲಿ ಕ್ಷಮೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಅವನ ಹೆಂಡತಿ ಹ್ಯಾಂಗದಾಳ?" ಎಂದು ಕೇಳಿದೆ.

"ವರ್ಷಾ ಅದೇ ದಿನ ಕವಿತಾಳಕ್ಕ ಹೋಗಿ ಬರ್ತೀನ್ರಿ. ಮಗಳು ಹೈಸ್ಕೂಲಿಗೆ ಹೊಂಟಾಳ. ನಡದದ," ಎಂದರು.

ಅವರು ಹೋಗಿ ಬರುತ್ತಾರೆ, ಮಾತಾಡಿಸುತ್ತಾರೆ, ಅಲ್ಲಿ ಎಲ್ಲವೂ ತಿಳಿಯಾಗಿದೆ ಎಂದು ನಾನು ಅರ್ಥ ಮಾಡಿಕೊಂಡೆ. ಹಾಗೆ ಅರ್ಥ ಮಾಡಿಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಮುಂದಿನ ಭಾನುವಾರ ಹಾರೆ, ಚಾಣ, ಸುತ್ತಿಗೆ ತಂದು ಪಡುವಣ ಮೂಲೆಯಲ್ಲಿ ಅವರೇ ಸಿಮೆಂಟು ಒಡೆದರು. ನಾನು ಬೇಡವೆನ್ನಲಿಲ್ಲ. ಕೆಳಗಿನ ಎರೆಮಣ್ಣು ಕಲ್ಲಿನ ಹಾಗಿತ್ತು. ಎರಡು ಮೊಳ ತೋಡಿ, ಅರ್ಧ ಮಣ್ಣು ಹೊರಗೆ ಹಾಕಿ, ಮರಳು, ಹಳೆಯ ಗೊಬ್ಬರ ಕಲಸಿದರು. ಬೋರಿನ ನೀರು ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗುಳಿದರು. "ಸವುಳದ, ಉಪ್ಪುಪ್ಪು. ನಿಂಬಿ ಬದುಕಂಗಿಲ್ಲ ಇದಕ್ಕ. ಬೇವು ಬದುಕ್ತದ, ಆದ್ರ ಇಪ್ಪತ್ತು ವರ್ಷಕ್ಕ ಆಚಿ ಮನಿಯವರ ಮಾಳಿಗಿ ಮ್ಯಾಲ ಕುಂದರ್ತದ. ನಿಮಗ ಬಾರಿ ಹಣ್ಣಿನ ಗಿಡ ಅಥವಾ ಸೀತಾಫಲ. ಬಾರಿಗೆ ಮುಳ್ಳು, ನೀವು ಒಬ್ಬಾಕಿ ಇರೋರು. ಸೀತಾಫಲ ಬರೋಬರಿ."

ಇಪ್ಪತ್ತು ವರ್ಷದ ಆಚೆಯ ಮಾತನ್ನು ಅವರು ನಾಳಿನ ಮಾತಿನಂತೆ ಆಡುತ್ತಿದ್ದರು. ಗಿಡ ತರುವಾಗ ಎಲ್ಲರೂ ಸಸಿ ನೋಡುತ್ತಾರೆ, ಅದರ ಮುದಿತನವನ್ನು ಯಾರೂ ನೋಡುವುದಿಲ್ಲ ಎಂದರು. ಎಷ್ಟು ಎತ್ತರ, ಎಷ್ಟು ಅಗಲ, ಬೇರು ಎಲ್ಲಿಯವರೆಗೆ, ಮುರಿದರೆ ಯಾರ ಮೇಲೆ. ಈ ನಾಲ್ಕು ಕೇಳದೆ ಗಿಡ ನೆಟ್ಟರೆ ಯಾರಾದರೊಬ್ಬರು ಒಂದು ದಿನ ಕೊಡಲಿ ಹಿಡಿದು ಬರಲೇಬೇಕಾಗುತ್ತದೆ. "ಆ ಯಾರೋ ಒಬ್ಬ ಅಂದ್ರ ನಾವೇ ಅಲ್ರೀ," ಎಂದು, ನಕ್ಕಂತೆ ಮಾಡಿದರು.

ನಿವೃತ್ತಿಯವರೆಗಿನ ಆ ಎರಡು ವರ್ಷ ನಮ್ಮ ಬಡಾವಣೆಯಲ್ಲಿ ಯಾರಿಗೆ ಹೊಸ ಮೀಟರು ಕೂಡಿಸಿದರೂ ಅವರು ಅಂಗಳ ಅಳೆದು ಗಿಡ ಹೇಳಿಯೇ ಹೋಗುತ್ತಿದ್ದರು. ಇಲ್ಲಿ ಜನ ಕೇಳಿದರು. ಬೀದಿಯ ಅಗಲ ಇದ್ದವರಿಗೆ ಹೊಂಗೆ, ಬರೀ ಗೋಡೆಯ ಪಕ್ಕ ಇದ್ದವರಿಗೆ ಕರಿಬೇವು, ದಾಳಿಂಬೆ, ತಂತಿಯ ಕೆಳಗಿನವರಿಗೆ ಪಾರಿಜಾತ. ಒಬ್ಬ ರೈಸ್ ಮಿಲ್ ಮಾಲೀಕರು ಮನೆಯ ಮುಂದೆ ಉದ್ದನೆಯ ಅಶೋಕದ ಸಸಿಗಳನ್ನು ಸಾಲಾಗಿ ಇಡಿಸಿದ್ದಾಗ ಅವರ ಜೊತೆ ಜಗಳಕ್ಕೇ ನಿಂತರು. ನಾನು ಗೇಟಿನಲ್ಲಿ ನಿಂತು ನೋಡುತ್ತಿದ್ದೆ. ಯಾಕೆ ಬೇಡ ಎಂದು ಮಾಲೀಕರು ಕೇಳಿದರೆ ಅವರು ಕಾರಣ ಹೇಳಲಿಲ್ಲ, "ಬ್ಯಾಡ್ರಿ, ಬ್ಯಾಡ್ರಿ ಅಂದ್ರ ಬ್ಯಾಡ್ರಿ" ಎಂದು ಅಷ್ಟನ್ನೇ ಹೇಳುತ್ತಿದ್ದರು. ಕಾರಣ ಹೇಳಬೇಕಾದವಳು ನಾನು. ನಾನು ಒಳಗೆ ಹೋದೆ.

ಹೋದ ಬೇಸಿಗೆಯಲ್ಲಿ ಫೋನು ಬಂತು. ದೇವದುರ್ಗದಲ್ಲಿ, ತಮ್ಮ ಮನೆಯಲ್ಲಿ, ಬೆಳಿಗ್ಗೆ ಎದೆನೋವೆಂದು ಮಲಗಿದವರು ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಸಿಕ್ಕ ಬಸ್ಸು ಹತ್ತಿ ಹೋದೆ. ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದ್ದರು. ಅವರ ಹೆಂಡತಿಯ ಪಕ್ಕ ಕುಳಿತೆ. ಆಕೆ ನನ್ನನ್ನು ಒಂದೆರಡು ಸಲ ನೋಡಿದ್ದರು, "ಟೀಚರ್ ಬಂದ್ರಿ?" ಎಂದು ನನ್ನ ಕೈ ಹಿಡಿದುಕೊಂಡು ಅತ್ತರು.

ಶಾಮಿಯಾನದ ಅಂಚಿನಲ್ಲಿ, ಬಿಸಿಲಿಗೆ ಅರ್ಧ ಮೈ ಒಡ್ಡಿ, ಒಬ್ಬ ಹೆಂಗಸು ಒಂಟಿಯಾಗಿ ಕುಳಿತಿದ್ದಳು. ಅಳುತ್ತಿರಲಿಲ್ಲ. ನೀರು ಕುಡಿಯಲು ಎದ್ದಾಗ ನಾನು ಆಕೆಯ ಹತ್ತಿರ ಹೋಗಿ, ನೆರಳಿಗೆ ಬರಲು ಹೇಳಿದೆ.

"ನಾ ಕುಂದರಾಕ ಬಂದಿಲ್ಲ," ಎಂದಳು. "ಕವಿತಾಳದಾಕಿ ನಾ. ಇಂವ ಸತ್ತಾನಂತ ಕೇಳಿದೆ. ಖರೇನೋ ಸುಳ್ಳೋ ನೋಡಾಕ ಬಂದೀನಿ."

ನನಗೆ ಯಾರೆಂದು ಹೊಳೆಯಿತು. ಆಕೆಯ ಪಕ್ಕದಲ್ಲೇ ಕುಳಿತೆ.

"ವರ್ಷಾ ಬರ್ತಿದ್ದ," ಎಂದಳು, ಹೆಣದ ಕಡೆ ನೋಡುತ್ತ. "ನನ್ನ ಬಾಗಲ ಮುಂದ ನಿಂದರತಿದ್ದ. ಹನ್ನೊಂದು ವರ್ಷ. ಒಳಗ ಬಾ ಅಂದಿಲ್ಲ, ಹೋಗು ಅಂದಿಲ್ಲ, ಬಾಗಲಾನೇ ತಗದಿಲ್ಲ. ಮೊದಲನೇ ವರ್ಷ ಹೊರಗಿಂದನೇ ಹೇಳಿದ್ದ, ನಾನೇ ಹತ್ತಿಸೀನಿ ಯವ್ವಾ ಅಂತ. ಹತ್ತಿಸಿದವನ ಮಾರಿ ನಾ ಯಾಕ ನೋಡ್ಲಿ?"

ಅಧಿಕಾರಿಯ ಮುಂದೆ ಬರದ ಮಾತು, ಮೂರು ಜನ ಹೆಂಗಸರು ಆಚೆ ಕುಳಿತು ಕೇಳುವಂತಿದ್ದ ಆ ಜಾಗದಲ್ಲಿ ನನ್ನ ಬಾಯಿಂದ ಬಂತು. "ಅವರು ಹತ್ತಿಸಿಲ್ಲ. ಹತ್ತಬ್ಯಾಡ ಅಂತ ಹೇಳಿ ಹೋಗಿದ್ರು. ಹತ್ತು ಅಂದಾಕಿ ನಾ. ಆ ಗಿಡ ನಂದು. ಆ ಮನಿ ನಂದು."

ಆಕೆ ನನ್ನ ಕಡೆ ತಿರುಗಿದಳು. ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಆಕೆ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು.

"ಇಂವಗ ಗೊತ್ತಿತ್ತೇನು?"

"ಗೊತ್ತಿತ್ತು."

"ಹನ್ನೊಂದು ವರ್ಷ ನೀನೆಲ್ಲಿದ್ದಿ?"

ಕವಿತಾಳಕ್ಕೆ ಮಾನ್ವಿಯಿಂದ ಬಸ್ಸು ಇದ್ದೇ ಇತ್ತು.

ಆಕೆ ಎದ್ದಳು. ಸೆರಗು ಬಿಗಿದುಕೊಂಡು, ಜನರ ನಡುವೆ ನೆಟ್ಟಗೆ ನಡೆದುಹೋಗಿ, ಅವರ ಕಾಲ ಹತ್ತಿರ ಕುಸಿದು ಕುಳಿತಳು. ಎರಡೂ ಪಾದ ಹಿಡಿದುಕೊಂಡು ಒಮ್ಮೆಲೇ ದೊಡ್ಡ ದನಿ ತೆಗೆದು ಅಳತೊಡಗಿದಳು. "ಬಾಗಲಾ ತಗೀಲಿಲ್ಲಲ್ಲೋ ಯಪ್ಪಾ, ಬಾಗಲಾ ತಗೀಲಿಲ್ಲಲ್ಲೋ," ಎಂದು ಹಣೆ ಹಣೆ ಬಡಿದುಕೊಂಡಳು. ಸುತ್ತ ಇದ್ದವರೆಲ್ಲ ಗಾಬರಿಯಾದರು. ಮನೆಯವರ ಪೈಕಿ ಯಾರಿಗೂ ಆಕೆಯ ಗುರುತಿರಲಿಲ್ಲ.

ನಾನು ಹಿಂದಕ್ಕೆ ಬಂದು ಅವರ ಹೆಂಡತಿಯ ಪಕ್ಕದಲ್ಲಿ ಕುಳಿತೆ. ಅವರು ಮತ್ತೆ ನನ್ನ ಕೈ ಹಿಡಿದುಕೊಂಡರು.

"ಯಾರ್ರಿ ಟೀಚರ್ ಆಕಿ? ನೀವು ಮಾತಾಡಾಕತ್ತಿದ್ರಲ್ಲ, ನಿಮಗ ಗೊತ್ತೇನ್ರಿ?" ಎಂದು ಕೇಳಿದರು.

ಗೊತ್ತು ಎಂದೆ. ಯಾರೆಂದು ಹೇಳಿದೆ. ಹೇಳುತ್ತ ಹೋದೆ, ಐದು ಸಸಿ ತಂದ ದಿನದಿಂದ ಹಿಡಿದು, ಏಣಿ, ಫೋನು, ಹತ್ತು ಎಂದ ಮಾತು, ಅಡುಗೆ ಮನೆಯಲ್ಲಿದ್ದೆ ಎಂದು ಮಾಡಿದ ಸಹಿ, ಯಾವುದನ್ನೂ ಬಿಡದೆ. ಅವರು ನನ್ನನ್ನು ತಡೆಯಲಿಲ್ಲ. ಕೇಳುತ್ತ ಕೇಳುತ್ತ, ನನ್ನ ಕೈಯಲ್ಲಿದ್ದ ತಮ್ಮ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು.